ಠಾಣೆಯ ಬೆಂಚಿನ ಮೇಲೆ ಕುದುರಿದ ಸಂಬಂಧ

ದಾವಣಗೆರೆಯಿಂದ ಶಿಕಾರಿಪುರಕ್ಕೆ ಹೊರಟ ಬೆಳಿಗ್ಗೆ ನನ್ನ ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಪೊಟ್ಟಣ ಖಾರದ ಮಂಡಕ್ಕಿ ಮತ್ತು ಅಗತ್ಯಕ್ಕಿಂತ ತುಸು ಹೆಚ್ಚೇ ಆತ್ಮವಿಶ್ವಾಸ ಇದ್ದವು. ನಾನು ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವವಳು. ಮುಂಜಾಗ್ರತಾ ಬಂಧನದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ತಪ್ಪು ಮಾಡಿದ ಮೇಲೆ ಹಿಡಿಯುವುದು ಒಂದು. ಮುಂದೆ ಮಾಡಿಯಾನು ಎಂದು ಮೊದಲೇ ಹಿಡಿದು ಕೂರಿಸುವುದು ಇನ್ನೊಂದು. ಈ ಎರಡನೆಯದು ಸರಿಯೇ ತಪ್ಪೇ ಎಂಬ ವಾದ ಸಂವಿಧಾನ ಬರೆಯುವ ಕಾಲದಲ್ಲೇ ನಡೆದು, ಇವತ್ತಿಗೂ ಮುಗಿದಿಲ್ಲ. ನಾನು ತಪ್ಪು ಎನ್ನುವ ಕಡೆಯವಳು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹಾಗೆ ವಾದಿಸಿ ಗೆದ್ದ ಕಪ್ಪು ನಮ್ಮನೆಯ ಟಿವಿ ಪಕ್ಕದಲ್ಲಿದೆ. ಅಮ್ಮ ಅದರಲ್ಲಿ ಪೆನ್ನು, ಕತ್ತರಿ, ಖಾಲಿಯಾದ ಮಾತ್ರೆಯ ಹಾಳೆ ಇಟ್ಟಿದ್ದಾಳೆ.

ಗೈಡ್ ಮೇಷ್ಟ್ರು ನನ್ನ ಮೊದಲ ಅಧ್ಯಾಯ ಓದಿ, ಕನ್ನಡಕ ತೆಗೆದು, "ಕಲಮು ಇದೆ, ತೀರ್ಪು ಇದೆ, ಮನುಷ್ಯರು ಎಲ್ಲಿದ್ದಾರಮ್ಮ?" ಎಂದಿದ್ದರು. ಆ ಮಾತು ಚುಚ್ಚಿತು. ಹಾಗಾಗಿ ಮನುಷ್ಯರನ್ನು ಹುಡುಕಿಕೊಂಡು ಹೊರಟೆ.

ಸರ್ಕಾರಿ ಬಸ್ಸಾದ್ದರಿಂದ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಹೊನ್ನಾಳಿಯ ಸೇತುವೆ ಮೇಲೆ ಎಲ್ಲರೂ ಒಂದು ಪಕ್ಕಕ್ಕೆ ವಾಲಿ ತುಂಗಭದ್ರೆಯನ್ನು ನೋಡಿದರು; ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ. ಭಾದ್ರಪದದ ಮಳೆ ಬಂದು ಹೋಗಿ ಮಾಡುತ್ತಿತ್ತು. ಪ್ರತಿ ಊರಿನ ಬಾಗಿಲಲ್ಲೂ ಒಂದು ಗಣಪತಿ ಪೆಂಡಾಲು, ಅದರ ಮೈಕಿನಲ್ಲಿ ಒಂದೇ ಹಾಡು. ಶಿಕಾರಿಪುರ ಬರುವಷ್ಟರಲ್ಲಿ ಅದು ನನಗೆ ಬಾಯಿಪಾಠವಾಗಿತ್ತು.

ಬಸ್ ಸ್ಟ್ಯಾಂಡಿಗೆ ಗೆಳತಿ ಜ್ಯೋತಿ ಸ್ಕೂಟರ್ ತಂದಿದ್ದಳು. ನನ್ನ ಜೊತೆ ಓದಿದವಳು, ಈಗ ಶಿಕಾರಿಪುರದ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಅವಳ ಮನೆಯಲ್ಲೇ ನನ್ನ ಬಿಡಾರ. ಊಟಕ್ಕೆ ರೊಟ್ಟಿ, ಕಾಳುಪಲ್ಯ ಬಡಿಸುತ್ತ ಅವಳು ನನ್ನ ಪ್ರಶ್ನೆಗಳ ಪಟ್ಟಿಯ ಮೇಲೆ ಕಣ್ಣಾಡಿಸಿ ನಕ್ಕಳು.

"ದೊಡ್ಡ ಕಾಯ್ದೆಯಡಿ ಒಳಗೆ ಹೋದವರ ಕತೆ ನಿನಗೆ ಹೈಕೋರ್ಟಿನ ತೀರ್ಪಲ್ಲೇ ಸಿಗ್ತದೆ. ಯಾವ ತೀರ್ಪಲ್ಲೂ ಇಲ್ದಿರೋ ಇಬ್ರು ಇದಾರೆ. ಪ್ರತಿ ವರ್ಷ ಗಣಪತಿ ಬಿಡೋ ದಿನ ಪೊಲೀಸ್ ಸ್ಟೇಷನ್ನಿನಲ್ಲಿ ಕೂರ್ತಾರೆ. ನಮ್ಮ ಸೀನಿಯರ್ ಹತ್ರ ಅವರ ಹಳೇ ಕೇಸಿತ್ತು. ನೋಡ್ತೀಯಾ?"

ಕೇಳಬೇಕೆ! ಅನಾಹುತವನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ ಪೊಲೀಸರು ವಾರಂಟಿಲ್ಲದೆ ಒಬ್ಬನನ್ನು ಒಂದು ದಿನದ ಮಟ್ಟಿಗೆ ವಶಕ್ಕೆ ಪಡೆಯಬಹುದು ಎಂಬ ಸಣ್ಣ ಕಲಮೊಂದಿದೆ. ದೊಡ್ಡ ದೊಡ್ಡ ಪುಸ್ತಕಗಳು ಅದಕ್ಕೆ ಅರ್ಧ ಪುಟವನ್ನೂ ಕೊಡುವುದಿಲ್ಲ. ನನಗೆ ಬೇಕಾದ ಮನುಷ್ಯರು ಸಿಕ್ಕಿಬಿಟ್ಟರು ಎಂದು ಖುಷಿಯಾಯಿತು.

ಮರುದಿನ ಅಂಬ್ಲಿಗೊಳದ ಕಡೆ ಹೋಗುವ ಖಾಸಗಿ ಬಸ್ಸು ಹತ್ತಿದೆ. ಇಲ್ಲಿ ಆಧಾರ್ ಕಾರ್ಡು ನಡೆಯಲಿಲ್ಲ, ದುಡ್ಡು ಎಣಿಸಿ ಕೊಟ್ಟೆ. ಅಲ್ಲಿನ ಜಲಾಶಯದ ನೀರು ಹರಿಯುವ ಚಾನಲ್ ಪಕ್ಕದ ಒಂದು ಸಣ್ಣ ಊರಿನಲ್ಲಿ ಇಳಿದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಬ್ಬರು ಮರ್ಯಾದಸ್ಥರು ಈಗಾಗಲೇ ಸಾಕಷ್ಟು ಮುಜುಗರ ಪಟ್ಟಿದ್ದಾರೆ.

ಆ ಇಬ್ಬರಲ್ಲಿ ಒಬ್ಬರಾದ ರುದ್ರಪ್ಪನವರು ಜಗಲಿಯಲ್ಲೇ ಇದ್ದರು. ಅರವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಮೀಸೆಯಂಚಿನಲ್ಲಿ ನಗು. ಭತ್ತ ಬೆಳೆಯುತ್ತಾರೆ, ಜೊತೆಗೆ ಊರಿನಲ್ಲೊಂದು ಗೊಬ್ಬರದ ಅಂಗಡಿ. ನಾನು ಬಂದ ಕಾರಣ ಹೇಳಿದಾಗ, ನೊಂದುಕೊಂಡಾರೇನೋ ಎಂಬ ನನ್ನ ಭಯ ಸುಳ್ಳಾಯಿತು.

"ಬರ್ರಿ ತಂಗಿ, ಕುಂದ್ರಿ. ನಾವು ಆರೋಪಿಗಳಲ್ರಿ, ಮೊದ್ಲೇ ಹೇಳ್ತೀನಿ. ನಾವು ಮುಂಜಾಗ್ರತೆ!" ಎಂದು ಅದೊಂದು ಪದವಿಯೇನೋ ಎಂಬ ಗತ್ತಿನಲ್ಲಿ ಹೇಳಿದರು.

ಅವರ ಹೆಂಡತಿ ಗಿರಿಜಮ್ಮ ಅವಲಕ್ಕಿ, ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ರುದ್ರಪ್ಪನವರು ಕತೆ ಶುರು ಮಾಡಿದರು. ಏಳೆಂಟು ವರ್ಷದ ಹಿಂದಿನ ಮಾತು. ಆ ವರ್ಷ ಊರ ಕೆರೆಯಲ್ಲಿ ಗಣಪತಿ ಮುಳುಗುವಷ್ಟು ನೀರಿರಲಿಲ್ಲ. ಒಂದು ಹಗಲು ಚಾನಲ್ ನೀರನ್ನು ಕೆರೆಗೆ ತಿರುಗಿಸಬೇಕೆಂದು ಗಣಪತಿ ಸಮಿತಿಯ ಮುಖಂಡ ರುದ್ರಪ್ಪ. ಇವತ್ತಿನ ನೀರಿನ ಸರದಿ ನನ್ನ ಗದ್ದೆಯದು, ದೇವರಿಗೆ ಬೇಕಾದರೆ ನಾಳೆ ಬರಲಿ ಎಂದು ಪಕ್ಕದ ಓಣಿಯ ಚನ್ನೀರಪ್ಪ. ಮಾತಿಗೆ ಮಾತು ಬೆಳೆಯಿತು, ಗುದ್ದಲಿಯ ಕಾವು ಕೈಗೆ ಬಂತು. ರುದ್ರಪ್ಪನವರ ತಲೆಗೆ ಹೊಲಿಗೆ, ಚನ್ನೀರಪ್ಪನವರ ಕೈಗೆ ಪಟ್ಟಿ. ಗಣಪತಿ ಎರಡು ದಿನ ಟ್ರ್ಯಾಕ್ಟರಿನ ಮೇಲೆ ನೀರಿನ ದಾರಿ ನೋಡುತ್ತ ಕೂತಿದ್ದನಂತೆ.

ಎರಡೂ ಕಡೆಯವರು ಕೇಸು ಹಾಕಿದರು. ಕೋರ್ಟಿನಲ್ಲಿ ರಾಜಿಯಾಯಿತು. ಆದರೆ ಮುಂದಿನ ವರ್ಷ ಹಬ್ಬ ಬಂದಾಗ ಹೋಬಳಿಯ ಠಾಣೆಯ ಸಾಹೇಬರು ಇಬ್ಬರನ್ನೂ ಕರೆಸಿ, ಗಣಪತಿ ನೀರಿಗಿಳಿಯುವ ತನಕ ಇಲ್ಲೇ ಕೂತಿರಿ ಎಂದರು. ಅದರ ಮುಂದಿನ ವರ್ಷವೂ ಅದೇ. ಅಲ್ಲಿಂದ ಅದೊಂದು ಪದ್ಧತಿಯಾಯಿತು.

"ಮೊದ್ಲನೇ ವರ್ಷ ನಾನು ಬೆಂಚಿನ ಈ ತುದಿ, ಅವ್ರು ಆ ತುದಿ. ಮುಖ ಗೋಡೆ ಕಡಿಗೆ. ಎರಡ್ನೇ ವರ್ಷ ನಂಗೆ ಬೀಪಿ ಗುಳಿಗೆ ನುಂಗಾಕ ನೀರು ಬೇಕಾತು, ಅವ್ರು ಬಾಟ್ಲಿ ಸರಿಸಿದ್ರು. ಬಾಯಲ್ಲಿ ಮಾತಿಲ್ಲ ಮತ್ತೆ! ಮೂರ್ನೇ ವರ್ಷ ಇವ್ಳು ಕಟ್ಟಿಕೊಟ್ಟ ಕಡುಬು ಹೆಚ್ಚಾತು, ನಾನೂ ಡಬ್ಬಿ ಸರಿಸ್ದೆ. ಹಂಗೇ ನಡೀತು ನೋಡ್ರಿ. ಹೋದ್ ವರ್ಷ ಅದೇ ಬೆಂಚಿನ ಮ್ಯಾಲೆ ಕುಂತು ಅವ್ರ ಮಗಳನ್ನ ನಮ್ಮ ಪ್ರವೀಣಂಗೆ ಕೇಳ್ದೆ. ಹ್ಞೂ ಅಂದ್ಬಿಟ್ರು!"

ನಾನು ಬರೆಯುತ್ತಿದ್ದ ಪೆನ್ನು ನಿಂತಿತು. ನನ್ನ ಪ್ರಬಂಧದ ಎದುರು ಪಕ್ಷದವರು ಹಣ ಕೊಟ್ಟರೂ ಇಂಥ ಸಾಕ್ಷಿ ಸಿಗುತ್ತಿರಲಿಲ್ಲ.

"ಹಂಗಾದರೆ ಕೂರಿಸಿದ್ದು ಒಳ್ಳೇದೇ ಆಯ್ತು ಅಂತೀರಾ?" ಎಂದು ಕೇಳಿದೆ.

"ಮತ್ತೇನ್ರಿ? ಕೂರಿಸ್ಲಿಲ್ಲ ಅಂದಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಒಬ್ರು ಫೋಟೋದಾಗ ಇರ್ತಿದ್ವಿ."

ಬಾಗಿಲಲ್ಲಿದ್ದ ಗಿರಿಜಮ್ಮ ಒಮ್ಮೆಲೇ ಮಾತಾಡಿದರು. "ಬರ್ಕಳವ್ವ, ನಂದೂ ಬರ್ಕ. ಇವ್ರು ಅಲ್ಲಿ ಕುಂತು ಕಡುಬು ಹಂಚಿಕಂಡ್ರು. ಹಬ್ಬದ ದಿನ ಗಂಡನ್ನ ಸ್ಟೇಷನ್ನಿಗೆ ಕಳಿಸಿ ಒಲೆ ಮುಂದೆ ಕುಂತೋಳು ನಾನು. ನೆಂಟ್ರು ಬಂದ್ರೆ, ಎಲ್ಲಿ ಯಜಮಾನ್ರು ಅಂತ ಕೇಳ್ತಾರೆ. ಏನ್ ಹೇಳ್ಲಿ? ಆ ಚನ್ನೀರಪ್ಪನೋರು ಊರೇ ಬಿಟ್ಟು ಸೊರಬದ ಹತ್ರ ಜಡೆಗೆ ಹೋದ್ರು, ಯಾಕಂತ ಕೇಳು. ರಾಜಿ ಆದ ಜಗಳಾನ ವರ್ಷಾ ವರ್ಷಾ ನೆನಪು ಮಾಡಿಕೊಟ್ರೆ ಊರಲ್ಲಿ ಇರಾದು ಹೆಂಗೆ? ಇವ್ರಿಬ್ರೂ ಮನುಷ್ಯರು ಒಳ್ಳೇರು, ಅದಕ್ಕೆ ಬೀಗ್ರಾದ್ರು. ಬೆಂಚಿಗ್ಯಾಕೆ ಆ ಪುಣ್ಯ?"

ರುದ್ರಪ್ಪನವರು ಚಹಾದ ಲೋಟದೊಳಗೆ ನೋಡಿದರು. ಚರ್ಚಾಸ್ಪರ್ಧೆಯಲ್ಲಿ ನಾನು ಅರ್ಧ ಗಂಟೆ ತೆಗೆದುಕೊಂಡು ಹೇಳಿದ್ದನ್ನು ಈಕೆ ಒಂದೇ ಉಸಿರಿಗೆ ಹೇಳಿದ್ದರು. ನನಗೆ ಎದ್ದು ಕೈ ಕುಲುಕಬೇಕೆನಿಸಿತು. ಆದರೆ ಅವರ ಕಣ್ಣಲ್ಲಿ ನೀರಿತ್ತು. ಅವರು ಹೇಳಿದಂತೆಯೇ ಬರೆದುಕೊಂಡೆ.

ನಿಜವಾದ ಕಷ್ಟ ಆಮೇಲೆ ತಿಳಿಯಿತು. ಪಿತೃಪಕ್ಷ ಹಿಡಿಯುವ ಮೊದಲು ನಿಶ್ಚಿತಾರ್ಥ ಮುಗಿಸಬೇಕೆಂದು ಎರಡೂ ಮನೆಯವರು ಪೌರೋಹಿತ್ಯದ ಅಯ್ನೋರಲ್ಲಿ ಮುಹೂರ್ತ ಕೇಳಿದ್ದರು. ಹುಡುಗ ಹುಡುಗಿ ಇಬ್ಬರಿಗೂ ಕೂಡಿಬಂದದ್ದು ಒಂದೇ ದಿನ. ಅದು ಊರ ಗಣಪತಿ ಬಿಡುವ ದಿನ! ಶಾಸ್ತ್ರ ಜಡೆಯಲ್ಲಿ, ಹುಡುಗಿಯ ಮನೆಯಲ್ಲಿ. ಬೀಗರಿಬ್ಬರು ಎದುರುಬದುರು ಕೂತು ಎಲೆ ಅಡಿಕೆ ಬದಲಾಯಿಸಬೇಕು. ಆ ಹೊತ್ತಿಗೆ ಸರಿಯಾಗಿ ಇಬ್ಬರೂ ಠಾಣೆಯ ಬೆಂಚಿನ ಮೇಲೆ ಇರಬೇಕು.

"ತಮ್ಮಂದಿರ ಕೈಲಿ ಮಾಡ್ಸಿದ್ರಾತು ಅಂತಾರೆ ಇವ್ರು. ಇರಾದು ಒಬ್ನೇ ಮಗ. ಅಪ್ಪ ಇಲ್ದ ಶಾಸ್ತ್ರ ಏನ್ ಶಾಸ್ತ್ರ? ನೀನು ಕಾನೂನು ಓದ್ದೋಳು, ಒಂದಿನ ವಿನಾಯ್ತಿ ಕೇಳವ್ವ" ಎಂದರು ಗಿರಿಜಮ್ಮ. ಠಾಣೆಗೆ ರುದ್ರಪ್ಪನವರನ್ನೂ ಜೊತೆಗೆ ಕರೆದೆ. ಆ ದಿನ ಬಿಟ್ಟು ಬೇರೆ ದಿನ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಕೈ ಮುಗಿದರು.

ಮೂರನೆಯ ದಿನ ಜ್ಯೋತಿಯ ಸ್ಕೂಟರಿನಲ್ಲಿ ಹೋಬಳಿಯ ಠಾಣೆಗೆ ಹೋದೆವು. ಸಣ್ಣ ಹೆಂಚಿನ ಕಟ್ಟಡ, ಮುಂದೆ ಒಂದು ಹೊಂಗೆ ಮರ, ಪಡಸಾಲೆಯಲ್ಲಿ ಆ ಪ್ರಸಿದ್ಧ ಬೆಂಚು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ವಾದ ಹೊಂದಿಸಿಕೊಂಡಿದ್ದೆ. ಕಾರಣ ತಿಳಿಯುವ ಹಕ್ಕು, ಸ್ವಾತಂತ್ರ್ಯ, ಘನತೆ ಎಲ್ಲವೂ ಅದರಲ್ಲಿದ್ದವು. ಒಳಗೆ ವಯಸ್ಸಾದ ದಫೇದಾರರೊಬ್ಬರು ಬಂದೋಬಸ್ತಿನ ಫೋನುಗಳ ನಡುವೆ ಮುಳುಗಿದ್ದರು. ರುದ್ರಪ್ಪ, ಚನ್ನೀರಪ್ಪ ಎಂದ ಕೂಡಲೇ ಮುಖ ಅರಳಿಸಿದರು.

"ಓ, ಬುತ್ತಿ ಪಾರ್ಟಿ! ಆರಾಮಿದಾರಾ?"

"ಈ ಸಲ ಅವರನ್ನು ಕೂರಿಸಬೇಡಿ ಅಂತ ಕೇಳೋಕೆ ಬಂದಿದ್ದೀವಿ" ಎಂದೆ.

"ಯಾರ್ ಕೂರ್ಸಿದ್ದು ಅವ್ರನ್ನ?"

"ನೀವೇ. ಪ್ರತಿ ವರ್ಷ."

ದಫೇದಾರರು ಫೋನು ಕೆಳಗಿಟ್ಟರು. "ಹಳೇ ಸಾಹೇಬ್ರು ಕರೆಸ್ತಿದ್ರು, ನಿಜ. ಅವ್ರು ವರ್ಗ ಆಗಿ ಎಷ್ಟೋ ಕಾಲ ಆತು. ಆಮ್ಯಾಕೆ ನಾವ್ಯಾರೂ ಹೇಳಿ ಕಳ್ಸಿಲ್ಲಮ್ಮ. ಅವ್ರೇ ಬರ್ತಾರೆ, ನಮಸ್ಕಾರ ಅಂತಾರೆ, ಕುಂತ್ಕಂತಾರೆ. ಸಂಜಿಗೆ, ಗಣಪತಿ ಬಿಟ್ಟಾತಂತೆ ಅಂತ ನಮಗೇ ಹೇಳಿ ಎದ್ದು ಹೋಗ್ತಾರೆ."

ನಾನೂ ಜ್ಯೋತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ನೀವಾದರೂ, ಯಾಕೆ ಬಂದಿರಿ ಅಂತ ಕೇಳಬಾರದಿತ್ತೆ?" ಎಂದೆ. ದನಿ ಏರಿತ್ತು.

"ಸಾಹೇಬ್ರು ಕರೆಸಿರ್ಬೇಕು ಅಂತ ನಾನಂದ್ಕಂಡೆ. ನಾನು ಕರೆಸಿರ್ಬೇಕು ಅಂತ ಸಾಹೇಬ್ರು ಅಂದ್ಕಂಡಿರ್ಬೇಕು. ಚಾ ತರಿಸಿ ಕೊಡ್ತಿದ್ವಲ್ಲ!" ಎಂದು ಅವರು ಪಾಪದ ಮುಖ ಮಾಡಿದರು.

ಈಗಿನ ಸಬ್ ಇನ್ಸ್‌ಪೆಕ್ಟರು ನಮ್ಮ ವಯಸ್ಸಿನ ಹುಡುಗ, ಬಂದು ವರ್ಷವೂ ಆಗಿರಲಿಲ್ಲ. ನಿಂತುಕೊಂಡೇ ಎಲ್ಲ ಕೇಳಿಸಿಕೊಂಡರು. ಅವರಿಬ್ಬರ ಮೇಲೆ ಯಾವ ಕ್ರಮವೂ ಇಲ್ಲ, ಬರಬೇಕಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹಾಗಂತ ಒಂದು ಸಾಲು ಬರೆದುಕೊಡಿ ಎಂದೆ. ಅವರು ತಲೆ ಕೆರೆದುಕೊಂಡು, "ಆದೇಶ ಇದ್ದಿದ್ರೆ ರದ್ದು ಮಾಡ್ತಿದ್ದೆ ಮೇಡಂ. ಇಲ್ಲದ ಆದೇಶಾನ ಹೇಗೆ ರದ್ದು ಮಾಡ್ಲಿ?" ಎಂದರು. ಕಾನೂನು ಓದಿದ ನಾವಿಬ್ಬರೂ ತಲೆಯಾಡಿಸಿದೆವು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಹೊರಗೆ ಬಂದು ಮೊದಲು ನಕ್ಕೆವು. ಹೊಂಗೆ ಮರದ ಕೆಳಗೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ಅಳು ಬಂದ ಹಾಗಾಯಿತು. ಇಬ್ಬರು ಹಿರಿಯರು, ಯಾರೂ ಕರೆಯದಿದ್ದರೂ, ವರ್ಷಕ್ಕೊಂದು ದಿನ ತಮ್ಮನ್ನು ತಾವೇ ಹಿಡಿದು ತಂದು ಇಲ್ಲಿ ಕೂರಿಸಿಕೊಂಡಿದ್ದರು. ಜಡೆಗೆ ಹೋದ ಮೇಲೂ ಚನ್ನೀರಪ್ಪನವರು ಬೆಳಗಾಗುವ ಮೊದಲೇ ಬಸ್ಸು ಹತ್ತಿ ಬರುತ್ತಿದ್ದರಂತೆ. ಬಂಧನದ ಅವಧಿ, ಸಲಹಾ ಮಂಡಳಿ, ಮೇಲ್ಮನವಿ ಎಲ್ಲದರ ಮೇಲೂ ನಾನು ಪುಟಗಟ್ಟಲೆ ಬರೆದಿದ್ದೆ. ಬಿಟ್ಟ ಮೇಲೂ ಮನುಷ್ಯನ ಒಳಗೆ ಉಳಿದುಬಿಡುವ ಬಂಧನದ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಊರಿಗೆ ಹೋಗಿ ಸುದ್ದಿ ಹೇಳಿದಾಗ ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರುದ್ರಪ್ಪನವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಸುಮ್ಸುಮ್ನೆ ಕುಂತಿದ್ವಾ ಹಂಗಾರೆ?" ಎಂದರು ಕೊನೆಗೆ. ಮತ್ತೆ ನನ್ನ ಕಡೆ ತಿರುಗಿ, "ಬರೆದು ಕೊಟ್ರಾ?"

ಇಲ್ಲ ಎಂದೆ. ಯಾಕೆ ಕೊಡಲಾಗದು ಎಂದು ವಿವರಿಸಿದೆ. ನನ್ನ ವಿವರಣೆ ನನಗೊಬ್ಬಳಿಗೇ ಚೆನ್ನಾಗಿ ಕೇಳಿಸಿತು. ರುದ್ರಪ್ಪನವರು ತಲೆಯಾಡಿಸಿ, "ಬಾಯಿ ಮಾತು ತಂಗಿ. ನಾಳೆ ಊರಲ್ಲಿ ಏನಾರ ಒಂದು ಸಣ್ಣ ಗಲಾಟೆ ಆದ್ರೂ ಇವ್ರಿಬ್ರೂ ಎಲ್ಲಿದ್ರು ಅಂತ ಮೊದ್ಲು ಕೇಳ್ತಾರೆ. ಬೆಂಚಿನ ಮ್ಯಾಲೆ ಇದ್ವಿ ಅಂದ್ರೆ ಆರಾಮು" ಎಂದರು. ಹೊರಡುವಾಗ ಗಿರಿಜಮ್ಮ ನನ್ನ ಕೈ ಹಿಡಿದು, "ಜಡೆಗೆ ಒಂದಿನ ಮೊದ್ಲೇ ಹೋಗವ್ವ, ಬೀಗ್ರಿಗೂ ಹೇಳು. ಇವ್ರನ್ನ ಕರ್ಕಂಡ್ ಬರಾದು ನಂಗಿರ್ಲಿ" ಎಂದರು.

ನಾಲ್ಕನೆಯ ದಿನ ಶಿರಾಳಕೊಪ್ಪದ ಮೇಲೆ ಜಡೆಗೆ ಹೊರಟೆ. ದಾರಿ ಬಿಟ್ಟು ಒಳಗಿರುವ ಬಂದಳಿಕೆಯ ಹಳೇ ಗುಡಿಗಳನ್ನು ನೋಡಬೇಕೆಂಬ ಆಸೆ ಮೊದಲಿನಿಂದ ಇತ್ತು. ಆಟೋ ಮಾಡಿಕೊಂಡು ಹೋದೆ. ಕಲ್ಲಿನ ಗುಡಿಗಳ ನಡುವೆ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು, ಕುರಿಮಂದೆಯೊಂದು ಮೇಯುತ್ತಿತ್ತು. ಶಾಸನದ ಕಲ್ಲಿನ ಮುಂದೆ ವಿದುಷಿಯ ಹಾಗೆ ಕೂತು ಒಂದಕ್ಷರವನ್ನಾದರೂ ಗುರುತಿಸಲು ಹೆಣಗುತ್ತಿದ್ದಾಗ, ಒಂದು ಟಗರು ಹಿಂದಿನಿಂದ ಬಂದು ನನ್ನ ಮಂಡಕ್ಕಿ ಪೊಟ್ಟಣ ಎಳೆದುಕೊಂಡು ಹೋಯಿತು. ಕುರಿ ಕಾಯುತ್ತಿದ್ದ ಅಜ್ಜಿ, "ಅದು ಯಾವಾಗ್ಲೂ ಹಂಗೇ ಮಾಡ್ತತೆ ಮಗ" ಎಂದು ಸಮಾಧಾನ ಹೇಳಿದರು. ಮುಂಜಾಗ್ರತೆ ವಹಿಸಬೇಕಿತ್ತು ಎಂದುಕೊಂಡು ನಗುತ್ತ ಸೊರಬದ ಬಸ್ಸು ಹತ್ತಿದೆ.

ಸೊರಬ ಹತ್ತಿರವಾದಂತೆ ಮೆಕ್ಕೆಜೋಳ ಹಿಂದೆ ಉಳಿದು ಗದ್ದೆಗಳು ಬಂದವು. ಗಾಳಿಯ ತಂಪೂ ಬೇರೆ, ಪಕ್ಕದಲ್ಲಿ ಕೂತವರ ಮಾತಿನ ಎಳೆತವೂ ಬೇರೆ. ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಬಿಸಿ ಬನ್ಸು ತಿಂದು ಜಡೆಯ ಬಸ್ಸು ಹಿಡಿದೆ.

ಚನ್ನೀರಪ್ಪನವರು ರುದ್ರಪ್ಪನವರಿಗೆ ತದ್ವಿರುದ್ಧ. ತೆಳ್ಳಗಿನ ಮೈ, ಅಳೆದು ಆಡುವ ಮಾತು. ಅಂಗಳದಲ್ಲಿ ಶಾಮಿಯಾನದ ಕಂಬಕ್ಕೆ ಮಾವಿನ ತೋರಣ ಕಟ್ಟುತ್ತಿದ್ದರು. ಠಾಣೆಯ ಸುದ್ದಿಯನ್ನು ಕಟ್ಟುತ್ತಲೇ ಕೇಳಿಸಿಕೊಂಡರು. ಊರು ಯಾಕೆ ಬಿಟ್ಟಿರಿ ಎಂದಾಗ ಕೈ ನಿಲ್ಲಿಸಿದರು.

"ಶಾಲೇಲಿ ಮಗಳನ್ನ ಸ್ಟೇಷನ್ ಚನ್ನೀರಪ್ಪನ ಮಗಳು ಅಂತಿದ್ರು. ಅವಳು ಹೇಳ್ಲಿಲ್ಲ ನಂಗೆ. ಬೇರೆಯವ್ರಿಂದ ಗೊತ್ತಾಯ್ತು" ಎಂದರು. ಅಷ್ಟೇ. ಮತ್ತೆ ತೋರಣಕ್ಕೆ ಕೈ ಹಾಕಿದರು.

ಆ ಮಗಳು ಸುಮಾ ಈಗ ಸೊರಬದ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಊಟ ಮಾಡುವಾಗ ನನ್ನ ಎದುರಿಗೇ ಅಪ್ಪನಿಗೆ ಹೇಳಿದಳು, "ನಾಳೆ ನೀವಿರ್ಬೇಕು ಅಪ್ಪ. ಯಾರನ್ನೂ ಕೇಳ್ಕಂಡು ಇರದಲ್ಲ, ಸುಮ್ನೆ ಇರ್ಬೇಕು." ಅವರು ಹ್ಞೂ ಎಂದರು. ಆದರೆ ಕಣ್ಣು ಎಲೆಯ ಮೇಲಿತ್ತು.

ಬೆಳಿಗ್ಗೆ ಮಳೆಯಿಲ್ಲದೆ ಹೂಬಿಸಿಲು ಬಿದ್ದಿತ್ತು. ಎಣ್ಣೆಗಾಯಿ, ಗೋಧಿ ಹುಗ್ಗಿ, ಕೋಸಂಬರಿಯ ಪರಿಮಳ ಬೀದಿಯ ತುದಿಯವರೆಗೂ ಹರಡಿತ್ತು. ಗಂಡಿನ ಕಡೆಯವರ ಟೆಂಪೋ ಬಂತು. ಪ್ರವೀಣ ಇಳಿದ, ಗಿರಿಜಮ್ಮ ಇಳಿದರು, ನೆಂಟರೆಲ್ಲ ಇಳಿದರು. ರುದ್ರಪ್ಪನವರು ಇರಲಿಲ್ಲ.

"ಠಾಣೆ ಕ್ರಾಸ್ ಬಂದ ಕೂಡ್ಲೆ ನಿಲ್ಸು ಅಂದ್ರು ಕಣವ್ವ. ಮುಖ ತೋರಿಸಿ ಹಿಂದೇ ಬರ್ತೀನಿ, ನೀವು ನಡೀರಿ ಅಂತ ಇಳಿದೇಬಿಟ್ರು" ಎಂದು ಗಿರಿಜಮ್ಮ ನನ್ನ ತೋಳು ಹಿಡಿದುಕೊಂಡರು. ಫೋನ್ ಮಾಡಿದರೆ ಸ್ವಿಚ್ ಆಫ್. ಠಾಣೆಯಲ್ಲಿ ಫೋನು ಬಂದ್ ಮಾಡಿ ಕೂರಬೇಕೆಂಬುದು ಅವರೇ ಮಾಡಿಕೊಂಡ ನಿಯಮವಂತೆ. ಜ್ಯೋತಿಗೆ ಫೋನು ಮಾಡಿ ಹೋಗಿ ನೋಡು ಎನ್ನೋಣವೆಂದರೆ, ಅವಳು ಕೋರ್ಟಿನಲ್ಲಿದ್ದಳು.

ಅಯ್ನೋರು ಗಡಿಯಾರ ನೋಡತೊಡಗಿದರು. ರಾಹುಕಾಲದ ಮೊದಲು ಎಲೆ ಅಡಿಕೆ ಬದಲಾಗಬೇಕು. ಚಿಕ್ಕಪ್ಪನನ್ನು ಕೂರಿಸೋಣ ಎಂಬ ಮಾತು ಗಂಡಿನ ಕಡೆಯಿಂದ ಬಂತು. ಆಗ ಚನ್ನೀರಪ್ಪನವರು ಎದ್ದು ನಿಂತರು.

"ಅವ್ರು ಅಲ್ಲಿ ಒಬ್ರೇ ಕೂತಿರ್ತಾರೆ. ನಾನಿಲ್ಲಿ ಹೊಸ ಪಂಚೆ ಉಟ್ಕಂಡು ಹೆಂಗ್ ಕೂರ್ಲಿ? ನಾನೂ ಹೋಗಿ ಬರ್ತೀನಿ" ಎಂದು ಚಪ್ಪಲಿ ಹುಡುಕತೊಡಗಿದರು.

ರೇಷ್ಮೆ ಸೀರೆಯುಟ್ಟು ಹಸೆಯ ಮೇಲೆ ಕೂತಿದ್ದ ಸುಮಾ ಎದ್ದಳು. "ನಡೀರಿ ಅಪ್ಪ, ನಾನೂ ಬರ್ತೀನಿ. ಆ ಬೆಂಚಿನ ಮೇಲೇ ಕೂರ್ತೀನಿ. ಅಯ್ನೋರನ್ನೂ ಕರ್ಕಂಡು ಹೋಗಣ, ಶಾಸ್ತ್ರ ಅಲ್ಲೇ ಮಾಡ್ಲಿ."

ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ. ಚನ್ನೀರಪ್ಪನವರು ಒಂದು ಕಾಲಿಗೆ ಚಪ್ಪಲಿ ಹಾಕಿ ಹಾಗೇ ನಿಂತರು. ಇವರಿಬ್ಬರ ಮಕ್ಕಳ ಶಾಸ್ತ್ರ ಅಪ್ಪಂದಿರಿಲ್ಲದೆ ನಡೆದರೆ, ಯಾರೂ ಹೊರಡಿಸದ ಆದೇಶಕ್ಕೆ ಇಡೀ ಮನೆ ತಲೆಬಾಗಿದ ಹಾಗಾಗುತ್ತಿತ್ತು. ಅಷ್ಟು ದೂರ ಬಂದ ನನ್ನ ಓದಿನಿಂದ ಅದನ್ನು ತಡೆಯಲಾಗುತ್ತಿರಲಿಲ್ಲ.

ಬೀದಿಯಲ್ಲಿ ಆಟೋ ಸದ್ದಾಯಿತು. ಸೊರಬದಿಂದ ಬಂದ ಆಟೋ. ಇಳಿದವರು ರುದ್ರಪ್ಪನವರು. ಪಟ್ಟೆ ಅಂಗಿ ಬೆವರಿನಲ್ಲಿ ತೊಯ್ದಿತ್ತು, ವಿಭೂತಿ ಅರ್ಧ ಅಳಿಸಿತ್ತು. ಗಿರಿಜಮ್ಮ ಬೈಯಲು ಬಾಯಿ ತೆರೆದರು. ಅವರು ಕೈಯೆತ್ತಿ ತಡೆದರು.

"ಹೋದೆ. ದಫೇದಾರ್ರು ಬಂದೋಬಸ್ತಿಗೆ ಹೋಗಿದ್ರು. ಯಾರೋ ಹೊಸ ಹುಡುಗ ಇದ್ದ. ನಮಸ್ಕಾರ ಅಂದೆ, ನಮಸ್ಕಾರ ಅಂದ. ಕುಂತೆ. ಯಾಕ್ ಬಂದ್ರಿ ಅಂತ ಕೇಳ್ತಾನೇನೋ ಅಂತ ನೋಡ್ದೆ, ಕೇಳ್ಲಿಲ್ಲ." ಮೇಲುಸಿರು ಬಿಡುತ್ತ ಅಲ್ಲೇ ಕಂಬಕ್ಕೆ ಒರಗಿದರು. "ಪಕ್ಕದಾಗ ಇವ್ರಿಲ್ಲ. ಬೆಂಚು ಉದ್ದ ಕಾಣ್ತು. ಎದ್ದೆ. ಬಾಗ್ಲ ತನಕ ಬಂದು ನಿಂತೆ, ಕರೀತಾರೇನೋ ಅಂತ. ಯಾರೂ ಕರೀಲಿಲ್ಲ. ರೋಡಿಗೆ ಬಂದೆ. ಬಸ್ ಹತ್ತಿದೆ. ಸೊರಬದ ತನಕ ಹಿಂದೆ ತಿರುಗಿ ತಿರುಗಿ ನೋಡ್ದೆ. ಒಬ್ರೂ ಬರ್ಲಿಲ್ಲ!"

ಅವರ ದನಿಯಲ್ಲಿ ಸಂತೋಷವಿತ್ತೋ ಆಶ್ಚರ್ಯವಿತ್ತೋ ಹೇಳಲಾರೆ. ಚನ್ನೀರಪ್ಪನವರು ಚಪ್ಪಲಿ ಬಿಟ್ಟು ಬಂದು ಅವರ ಕೈಗೆ ನೀರಿನ ಚೊಂಬು ಕೊಟ್ಟರು. ಬೀಗರಿಬ್ಬರೂ ಎದುರುಬದುರು ಕೂತರು. ಎಲೆ ಅಡಿಕೆ ಬದಲಾಯಿತು. ರಾಹುಕಾಲ ಇನ್ನೂ ಸ್ವಲ್ಪ ದೂರವಿತ್ತು. ನಾನು ಎರಡು ಸಲ ಹುಗ್ಗಿ ಹಾಕಿಸಿಕೊಂಡೆ.

ಊಟವಾದ ಮೇಲೆ ಒಂದು ವಿಚಿತ್ರ ನೋಡಿದೆ. ಜಗಲಿಯಲ್ಲಿ ಕೂತ ಇಬ್ಬರಿಗೂ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಈ ದಿನದ ಮಧ್ಯಾಹ್ನ ಅವರಿಗೆ ಬೆಂಚಿನ ಹೊರಗೆ ಸಿಕ್ಕಿರಲಿಲ್ಲ. ಒಬ್ಬರು ಎದ್ದು ನಿಲ್ಲುವರು, ಇನ್ನೊಬ್ಬರು ಕೂರಿ ಎನ್ನುವರು. ಕೊನೆಗೆ ಮಾತು ಕಡಿಮೆ ಆಡುವ ಚನ್ನೀರಪ್ಪನವರೇ ಕೇಳಿದರು, "ಗಣಪತಿ ಎಷ್ಟೊತ್ತಿಗೆ ಬಿಡ್ತಾರೆ?"

"ಹೊತ್ತು ಮುಳುಗೋ ಹೊತ್ತಿಗೆ."

"ಹೋಗಣಾ?"

ರುದ್ರಪ್ಪನವರು ಟೆಂಪೋ ಡ್ರೈವರನನ್ನು ಕೂಗಿದರು. ನಾನು ಶಿಕಾರಿಪುರಕ್ಕೆ ಮರಳಬೇಕಿತ್ತು, ಅದೇ ಟೆಂಪೋದಲ್ಲಿ ಹತ್ತಿಕೊಂಡೆ. ಸುಮಾ ಬಾಗಿಲಲ್ಲಿ ನಿಂತು ಕೈಬೀಸಿದಳು. ದಾರಿಯಲ್ಲಿ ಬೀಗರಿಬ್ಬರೂ ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು, ಇನ್ನೂ ಜೋರಾಗಿ ಹೊಡಿಯಪ್ಪ ಎಂದು ಅವನ ತಲೆ ತಿಂದರು. ನಾನು ಹಿಂದೆ ಕೂತು ಪ್ರಬಂಧದ ಬಗ್ಗೆ ಯೋಚಿಸಿದೆ. ನನ್ನ ಪಕ್ಷ ಬದಲಾಗಿರಲಿಲ್ಲ, ಇನ್ನೂ ಗಟ್ಟಿಯಾಗಿತ್ತು. ಆದರೆ ಎಷ್ಟು ಹೊತ್ತು ಹಿಡಿದಿಡಬಹುದು ಎಂದಷ್ಟೇ ಕೇಳುತ್ತಿದ್ದವಳು, ಮುಗಿಯಿತು ಹೋಗಿ ಎಂದು ಹೇಳುವ ಹೊಣೆ ಯಾರದು ಎಂದೂ ಇನ್ನು ಮುಂದೆ ಕೇಳಬೇಕಿತ್ತು.

ಊರು ಮುಟ್ಟಿದಾಗ ಬೆಳಕು ಇನ್ನೂ ಇತ್ತು. ಟ್ರ್ಯಾಕ್ಟರು ಕೆರೆಯ ಏರಿ ಹತ್ತಿತ್ತು. ಡೊಳ್ಳು ಬಡಿಯುತ್ತಿತ್ತು, ಗುಲಾಲು ಹಾರುತ್ತಿತ್ತು. ಇಬ್ಬರೂ ಒಟ್ಟಿಗೆ ಏರಿಯ ಮೇಲೆ ನಡೆದು ಬರುವುದನ್ನು ಕಂಡವರು ಒಬ್ಬೊಬ್ಬರಾಗಿ ತಿರುಗಿದರು. ಡೊಳ್ಳು ನಿಂತಿತು. ಬಂದೋಬಸ್ತಿಗೆ ನಿಂತಿದ್ದ ದಫೇದಾರರೂ ನೋಡಿದರು. ರುದ್ರಪ್ಪನವರ ಹೆಜ್ಜೆ ತಡವರಿಸಿದ್ದು ನನಗೆ ಕಂಡಿತು. ಅಷ್ಟರಲ್ಲಿ ನೀರಲ್ಲಿ ನಿಂತಿದ್ದ ಯಾರೋ ಕೂಗಿದರು, "ಏನ್ ನೋಡ್ತಾ ನಿಂತ್ರಿ? ಬರ್ರಿ ಇಬ್ರೂ! ಮಣ್ಣಿನ ಗಣಪ, ಭಾರ ಐತಿ, ಒಂದೊಂದ್ ಕೈ ಹಿಡೀರಿ!"

ನಿಶ್ಚಿತಾರ್ಥದ ಹೊಸ ಬಟ್ಟೆಯಲ್ಲೇ ಇಬ್ಬರೂ ಇಳಿದರು. ಕೆರೆ ತುಂಬಿತ್ತು, ಚಾನಲ್ಲಿನಿಂದ ಇನ್ನೂ ನೀರು ಬಂದು ಸೇರುತ್ತಿತ್ತು. ಗಣಪತಿಯ ಈ ಪಕ್ಕ ಒಬ್ಬರು, ಆ ಪಕ್ಕ ಒಬ್ಬರು. ಮೊಳಕಾಲು, ಸೊಂಟ, ಎದೆ. ಮೂರು ಸಲ ಎತ್ತಿ ಮುಳುಗಿಸಿ ಕೈ ಬಿಟ್ಟರು. ಡೊಳ್ಳು ಮತ್ತೆ ಶುರುವಾಯಿತು.

ನನ್ನ ಕೊನೆಯ ಬಸ್ಸು ಕ್ರಾಸಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಹೊರಡುವ ಮುನ್ನ ಏರಿಯ ಮೇಲಿಂದ ಬೀಗರಿಬ್ಬರಿಗೂ ಕೈಬೀಸಿದೆ. ಅವರು ಇನ್ನೂ ನೀರಿನಲ್ಲೇ ಇದ್ದರು. ಉಳಿದವರೆಲ್ಲ ದಡ ಹತ್ತಿದ್ದರೂ ಇವರಿಗೆ ಮೇಲೆ ಬರುವ ಮನಸ್ಸಿದ್ದಂತಿರಲಿಲ್ಲ. ರುದ್ರಪ್ಪನವರು ಎದೆಮಟ್ಟದ ನೀರಿನಿಂದ ಕೂಗಿ ಹೇಳಿದರು:

"ತಂಗೀ, ಈ ನೀರು ಇಷ್ಟು ತಣ್ಣಗಿರ್ತೈತಿ ಅನ್ನಾದೇ ನಮಗೆ ಮರ್ತು ಹೋಗಿತ್ತು ನೋಡ್ರಿ!"